ಹೊಸ ಬ್ಯಾಲೆಯೂ ಅದರ ಪ್ರೇಕ್ಷಕರೂ

ನೃತ್ಯ ನೋಡಲು ಹಣ ತೆತ್ತು ಬಂದು ಕುಳಿತವನೊಬ್ಬನು ನಡುವೆಯೇ ಮುನಿದು ಎದ್ದುಹೋದನೆಂದರೆ, ಅವನನ್ನು ಅರಸಿಕನೆಂದು ಕರೆದು ಸುಮ್ಮನಾಗುವುದು ಕಲೆಯ ಜಗತ್ತಿನಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಪಾಶ್ಚಾತ್ಯ ದೇಶಗಳಲ್ಲಿ ಕಳೆದ ನೂರು ವರ್ಷಗಳಿಂದೀಚೆಗೆ ಬೆಳೆದುಬಂದಿರುವ ಹೊಸ ಬ್ಯಾಲೆಯ ವೃತ್ತಾಂತವನ್ನು ನರ್ತಕರ ಕಡೆಯಿಂದಲ್ಲದೆ ಪ್ರೇಕ್ಷಕರ ಕಡೆಯಿಂದ ಪರಿಶೀಲಿಸುತ್ತ ಹೋದಂತೆಲ್ಲ, ಈ ವಾಡಿಕೆ ನ್ಯಾಯವಾದುದಲ್ಲವೆಂಬ ಅಭಿಪ್ರಾಯ ನನ್ನಲ್ಲಿ ದೃಢವಾಗಿದೆ. ಮುನಿದವನು ಬಹುಮಟ್ಟಿಗೆ ಕಲೆಯನ್ನು ಪ್ರೀತಿಸಿದವನೇ. ತಾನು ಪ್ರೀತಿಸಿದ ರೂಪ ಕಣ್ಣೆದುರಿಗೇ ಮುರಿಯುತ್ತಿರುವುದನ್ನು ಕಂಡು ಸಂಕಟಪಟ್ಟವನು. ಅದೇ ರಂಗಮಂದಿರದ ಅಗ್ಗದ ಆಸನದಲ್ಲಿ ಮೊದಲ ಸಲ ಬಂದು ಕುಳಿತ, ಹಳೆಯದರ ನೆನಪೇ ಇಲ್ಲದ ಮತ್ತೊಬ್ಬನಿಗೆ ಆ ಸಂಕಟವಿಲ್ಲ. ಅವನಿಗೆ ಬೇಕಾದುದು ಒಳಗೆ ಬರಲು ಕೈಗೆಟಕುವ ಬೆಲೆಯ ಟಿಕೇಟು, ಬಂದ ಮೇಲೆ ಏನನ್ನು ನೋಡಬೇಕೆಂಬುದರ ಅಲ್ಪ ಸೂಚನೆ.

ಬ್ಯಾಲೆ ಅರಮನೆಯಲ್ಲಿ ಬೆಳೆದ ಕಲೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆ, ತಾನೂ ನರ್ತಕನಾಗಿದ್ದವನು, 1661ರಲ್ಲಿ ನೃತ್ಯಕ್ಕೆಂದೇ ಒಂದು ಅಕಾಡೆಮಿಯನ್ನು ಸ್ಥಾಪಿಸಿದನು. ಪಾದಗಳ ಐದು ಮೂಲಸ್ಥಾನಗಳು, ಕಾಲನ್ನು ಸೊಂಟದಿಂದಲೇ ಹೊರಮುಖವಾಗಿ ತಿರುಗಿಸಿ ಹಿಡಿಯುವ ನಿಲುವು, ಇವುಗಳ ಮೇಲೆ ಆ ಕಲೆಯ ವ್ಯಾಕರಣವೆಲ್ಲ ನಿಂತಿದೆ. ನಮ್ಮ ಭರತನಾಟ್ಯದ ಅರೆಮಂಡಿಯನ್ನು ಬಲ್ಲವರಿಗೆ ಹೊರಮುಖವಾದ ಮಂಡಿ ಅಪರಿಚಿತವಲ್ಲ. ಆದರೆ ಭರತನಾಟ್ಯದ ಪಾದ ನೆಲವನ್ನು ತಟ್ಟಿ ನಾದವೆಬ್ಬಿಸಿದರೆ, ಬ್ಯಾಲೆಯ ಪಾದ ನೆಲದ ಹಂಗನ್ನೇ ತೊರೆದು ಮೇಲೇರಲು ಹವಣಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನರ್ತಕಿಯರು ಕಾಲ್ಬೆರಳ ತುದಿಯ ಮೇಲೆ ನಿಲ್ಲುವುದನ್ನು ಸಾಧಿಸಿಕೊಂಡ ಬಳಿಕ, ದೇಹಕ್ಕೆ ಭಾರವಿದೆಯೆಂಬುದನ್ನು ಮರೆಯಿಸುವುದೇ ಆ ಕಲೆಯ ಪರಮಗುರಿಯೆಂಬಂತಾಯಿತು. ಪ್ರೇಕ್ಷಕನೂ ಅದನ್ನೇ ನಿರೀಕ್ಷಿಸಿ ಬರುವವನಾದನು.

1913ರ ಮೇ 29ರ ರಾತ್ರಿ ಪ್ಯಾರಿಸ್ಸಿನ ಷಾನ್ಸೆಲಿಸೆ ರಂಗಮಂದಿರದಲ್ಲಿ ಭಂಗಗೊಂಡುದು ಈ ನಿರೀಕ್ಷೆಯೇ. ದಿಯಾಗಿಲೆವ್ ಕಟ್ಟಿದ ರಷ್ಯನ್ ಬ್ಯಾಲೆ ತಂಡದ ಆ ಸಂಜೆಯ ಕಾರ್ಯಕ್ರಮ 'ಲೆ ಸಿಲ್ಫೀಡ್' ಎಂಬ ಕೃತಿಯಿಂದ ಆರಂಭವಾಯಿತು: ಷೋಪಾನನ ಸಂಗೀತ, ಬೆಳದಿಂಗಳ ತೋಪು, ಬಿಳಿಯ ತೆಳುವಸ್ತ್ರದ ನರ್ತಕಿಯರು. ಬ್ಯಾಲೆಯೆಂದರೆ ಯಾವುದೆಂದು ಸಭಿಕರು ತಿಳಿದು ಬಂದಿದ್ದರೋ ಅದೆಲ್ಲವೂ ಅದರಲ್ಲಿದ್ದಿತು. ಅದು ಮುಗಿದ ಬಳಿಕ, ಇಂಗ್ಲಿಷಿನಲ್ಲಿ 'ದಿ ರೈಟ್ ಆಫ್ ಸ್ಪ್ರಿಂಗ್' ಎಂದು ಹೆಸರಾಗಿರುವ ಹೊಸ ಕೃತಿಯ ತೆರೆ ಎದ್ದಿತು. ಸಂಗೀತ ಸ್ಟ್ರಾವಿನ್ಸ್ಕಿಯದು, ನೃತ್ಯಸಂಯೋಜನೆ ನಿಜಿನ್ಸ್ಕಿಯದು, ರಂಗಸಜ್ಜಿಕೆ, ವೇಷಭೂಷಣಗಳು ನಿಕೊಲಸ್ ರೋರಿಕ್ಕರವು. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಚಲನಚಿತ್ರ ನಟಿ ದೇವಿಕಾರಾಣಿಯವರೊಡನೆ ನೆಲೆಸಿದ್ದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಇವರ ಪುತ್ರರೇ.

ಪ್ರಾಚೀನ ರಷ್ಯದ ಬುಡಕಟ್ಟೊಂದು ವಸಂತಾಗಮನಕ್ಕಾಗಿ ಕನ್ಯೆಯೊಬ್ಬಳನ್ನು ಆರಿಸಿ, ಆಕೆ ಕುಣಿಕುಣಿದೇ ಪ್ರಾಣ ಬಿಡುವಂತೆ ಮಾಡುವ ವಿಧಿ ಇದರ ವಸ್ತು. ಅದಕ್ಕಾಗಿ ನಿಜಿನ್ಸ್ಕಿ ಶತಮಾನಗಳ ವ್ಯಾಕರಣವನ್ನು ತಲೆಕೆಳಗು ಮಾಡಿದನು. ಹೊರಮುಖವಾಗಿರಬೇಕಾದ ಪಾದಗಳು ಒಳಮುಖವಾದುವು, ಬೆನ್ನು ಬಾಗಿತು, ಹಾರಿದವರು ಹಗುರಾಗಿ ಇಳಿಯದೆ ಇಡೀ ಮೈಯ ಭಾರವನ್ನು ನೆಲಕ್ಕೆ ಕುಟ್ಟಿದರು. ನರ್ತಕಿಯರು ತಲೆಯನ್ನು ವಾರೆ ಮಾಡಿ ಕೆನ್ನೆಯನ್ನು ಅಂಗೈಯ ಮೇಲಿಟ್ಟುಕೊಂಡು ನಿಂತಾಗ, ಯಾರಾದರೂ ಹಲ್ಲಿನ ವೈದ್ಯರನ್ನು ಕರೆಯಿರೆಂದು ಸಭೆಯಿಂದ ಕೂಗೆದ್ದಿತೆಂದು ಅಲ್ಲಿದ್ದವರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ನಗೆ, ಸಿಳ್ಳು, ಬೈಗುಳ, ಅದಕ್ಕೆ ಎದುರಾಗಿ ಹೊಸತನ್ನು ಮೆಚ್ಚಿದವರ ಆರ್ಭಟ, ಇವುಗಳ ನಡುವೆ ವಾದ್ಯಗಳ ಧ್ವನಿ ನರ್ತಕರಿಗೆ ಕೇಳಿಸದಂತಾಗಿ, ನಿಜಿನ್ಸ್ಕಿ ಪಕ್ಕದ ತೆರೆಯ ಮರೆಯಲ್ಲಿ ಕುರ್ಚಿಯ ಮೇಲೆ ನಿಂತು ರಷ್ಯನ್ ಭಾಷೆಯಲ್ಲಿ ಎಣಿಕೆಯನ್ನು ಕೂಗಿ ಹೇಳುತ್ತಿದ್ದನು. ವಾದ್ಯವೃಂದದ ನಿರ್ದೇಶಕ ಮೊಂಟ್ಯೂ ಮಾತ್ರ ಕೊನೆಯ ಸ್ವರದವರೆಗೂ ಕೈ ನಿಲ್ಲಿಸಲಿಲ್ಲ.

ಈ ಘಟನೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದರ ಮುಂದಿನ ಭಾಗ ನನಗೆ ಹೆಚ್ಚು ಅರ್ಥಪೂರ್ಣವಾಗಿ ತೋರುತ್ತದೆ. ಒಂದು ವರ್ಷವೂ ತುಂಬುವ ಮೊದಲೇ, 1914ರ ಏಪ್ರಿಲಿನಲ್ಲಿ, ಅದೇ ಪ್ಯಾರಿಸ್ಸಿನಲ್ಲಿ, ಅದೇ ಮೊಂಟ್ಯೂ, ನೃತ್ಯವಿಲ್ಲದೆ ಬರಿಯ ಸಂಗೀತ ಕಚೇರಿಯಾಗಿ ಆ ಕೃತಿಯನ್ನು ನುಡಿಸಿದಾಗ, ಜನ ಸ್ಟ್ರಾವಿನ್ಸ್ಕಿಯನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಸಂಗೀತಕ್ಕೆ ಲಿಖಿತ ಸ್ವರಪ್ರಸ್ತಾರವಿದ್ದುದರಿಂದ ಅದು ಮತ್ತೆ ಮತ್ತೆ ಕಿವಿಗೆ ಬಿದ್ದು ರೂಢಿಯಾಯಿತು. ನಿಜಿನ್ಸ್ಕಿಯ ನೃತ್ಯವಾದರೋ ಕೆಲವೇ ಪ್ರದರ್ಶನಗಳ ಬಳಿಕ ನಿಂತುಹೋಗಿ, ನರ್ತಕರ ಮೈಯ ನೆನಪಿನೊಡನೆ ಅಳಿಸಿಹೋಯಿತು. 1920ರಲ್ಲಿ ದಿಯಾಗಿಲೆವ್ ಅದೇ ಸಂಗೀತಕ್ಕೆ ಮತ್ತೊಬ್ಬ ನೃತ್ಯಸಂಯೋಜಕ ಮಾಸೀನನಿಂದ ಬೇರೆ ನೃತ್ಯವನ್ನೇ ಮಾಡಿಸಬೇಕಾಯಿತು. ಹಳೆಯ ಚಿತ್ರಗಳು, ಟಿಪ್ಪಣಿಗಳು, ಉಳಿದಿದ್ದವರ ನೆನಪುಗಳು ಇವುಗಳಿಂದ ಮೂಲದ ರೂಪವನ್ನು ಊಹಿಸಿ ಕಟ್ಟಿ ಅಮೆರಿಕದ ಜಾಫ್ರಿ ಬ್ಯಾಲೆ ತಂಡ ಅದನ್ನು ರಂಗಕ್ಕೆ ತಂದುದು 1987ರಲ್ಲಿ. ಪ್ರೇಕ್ಷಕನ ಮುನಿಸನ್ನು ಚಿತ್ರ ಸಹಿಸಿಕೊಂಡೀತು, ಗ್ರಂಥವೂ ಸಹಿಸಿಕೊಂಡೀತು. ನೃತ್ಯಕ್ಕೆ ಆ ಸಾವಕಾಶವಿಲ್ಲ. ಆದುದರಿಂದಲೇ ಪ್ರೇಕ್ಷಕರನ್ನು ಸಿದ್ಧಗೊಳಿಸುವ ಹೊಣೆ ಇತರ ಕಲೆಗಳಿಗಿಂತ ನೃತ್ಯದ ಮೇಲೆ ಹೆಚ್ಚಾಗಿದೆಯೆಂದು ನಾನು ತಿಳಿಯುತ್ತೇನೆ.

ಕಾಲವೊಂದು ಒದಗಿದರೆ ಮುನಿಸು ಕರಗುತ್ತದೆಂಬುದಕ್ಕೆ ಜರ್ಮನಿಯ ನೃತ್ಯಸಂಯೋಜಕಿ ಪೀನಾ ಬೌಷ್ ಅವರ ಜೀವನವೇ ಸಾಕ್ಷಿ. 1973ರಲ್ಲಿ ವುಪರ್ಟಾಲ್ ಎಂಬ ಕೈಗಾರಿಕಾ ನಗರದ ಬ್ಯಾಲೆ ತಂಡವನ್ನು ಆಕೆ ವಹಿಸಿಕೊಂಡಾಗ, ಮೊದಲ ವರ್ಷಗಳಲ್ಲಿ ಸಭಿಕರು ಬಾಗಿಲನ್ನು ರಪ್ಪನೆ ಬಡಿದು ಹೊರನಡೆಯುತ್ತಿದ್ದರು. 1975ರಲ್ಲಿ ಆಕೆ ರಂಗದ ತುಂಬ ಕರಿಮಣ್ಣನ್ನು ಹರಡಿಸಿ ಅದರ ಮೇಲೆ ಅದೇ ಸ್ಟ್ರಾವಿನ್ಸ್ಕಿಯ ಸಂಗೀತಕ್ಕೆ ಹೊಸ ನೃತ್ಯವನ್ನು ಕಟ್ಟಿದರು; ನರ್ತಕರ ಬೆವರಿಗೆ ಮಣ್ಣು ಮೆತ್ತಿಕೊಂಡು, ಕೊನೆಯ ಹೊತ್ತಿಗೆ ತಿಳಿಬಣ್ಣದ ಉಡುಪುಗಳೆಲ್ಲ ಕೆಸರಾಗುತ್ತವೆ. ಅದೇ ಕೃತಿಯನ್ನು 1997ರಲ್ಲಿ, ಶಾಸ್ತ್ರೀಯ ಬ್ಯಾಲೆಯ ತವರಾದ ಪ್ಯಾರಿಸ್ ಆಪೆರಾ ತನ್ನದಾಗಿ ಸ್ವೀಕರಿಸಿತು. ಎದ್ದುಹೋದ ಊರಿನವರೂ ಕ್ರಮೇಣ ಆಕೆಯನ್ನು ತಮ್ಮ ನಗರದ ಹೆಮ್ಮೆಯೆಂದು ಬಗೆದರು.

ಮುನಿಸಿಗಿಂತ ಹೆಚ್ಚು ಸಾಮಾನ್ಯವಾದ ಪ್ರತಿಕ್ರಿಯೆಯೆಂದರೆ ದಿಗ್ಭ್ರಮೆ. ಹೊಸ ಬ್ಯಾಲೆಯಲ್ಲಿ ಅನೇಕ ವೇಳೆ ಕಥೆಯಿಲ್ಲ, ರಾಜಕುಮಾರನಿಲ್ಲ, ರಂಗಸಜ್ಜಿಕೆಯೂ ಇಲ್ಲ. ನೃತ್ಯಸಂಯೋಜಕ ವಿಲಿಯಂ ಫೋರ್ಸೈತ್ 1987ರಲ್ಲಿ ಪ್ಯಾರಿಸ್ ಆಪೆರಾಕ್ಕಾಗಿ ರಚಿಸಿದ 'ಇನ್ ದ ಮಿಡಲ್, ಸಮ್‌ವಾಟ್ ಎಲಿವೇಟೆಡ್' ಎಂಬ ಕೃತಿಯಲ್ಲಿ ಬರಿದಾದ ರಂಗದ ಮೇಲೆ, ಬಹು ಎತ್ತರದಲ್ಲಿ, ಎರಡು ಹೊನ್ನಿನ ಬಣ್ಣದ ಚೆರ್ರಿ ಹಣ್ಣುಗಳು ತೂಗುತ್ತಿರುತ್ತವೆ, ಅಷ್ಟೆ. ಟಾಮ್ ವಿಲೆಮ್ಸನ ಯಂತ್ರಧ್ವನಿಯಂತಹ ಸಂಗೀತಕ್ಕೆ ನರ್ತಕರು ಹಳೆಯ ಶಾಲೆಯ ಹೆಜ್ಜೆಗಳನ್ನೇ ಇಡುತ್ತಾರೆ. ಆದರೆ ಅವನ್ನು ದೇಹದ ಅಕ್ಷ ಸಮತೋಲವನ್ನು ಮೀರಿ ವಾಲುವವರೆಗೆ ಎಳೆಯುತ್ತಾರೆ. ಇದರ ಅರ್ಥವೇನೆಂದು ಕೇಳುತ್ತ ಕುಳಿತವನಿಗೆ ಆ ಅರ್ಧ ಗಂಟೆ ಬೇಸರದ್ದಾದೀತು. ನರ್ತಕಿ ಬಿದ್ದೇಬಿಟ್ಟಳೆನ್ನುವ ಆ ಕ್ಷಣವನ್ನು ಗಮನಿಸು, ಅಲ್ಲಿಂದ ಆಕೆ ಹೇಗೆ ಚೇತರಿಸಿಕೊಳ್ಳುತ್ತಾಳೆಂಬುದನ್ನು ನೋಡು ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ, ಅದೇ ಅರ್ಧ ಗಂಟೆ ಉಸಿರು ಬಿಗಿಹಿಡಿಯುವಂತಹುದಾಗುತ್ತಿದ್ದಿತು. ರಾಗದ ಆಲಾಪನೆಗೆ ಅರ್ಥವೇನೆಂದು ನಾವು ಕೇಳುವುದಿಲ್ಲ. ಏಕೆಂದರೆ ಕೇಳಬೇಕಾದುದೇನೆಂಬುದನ್ನು ನಮ್ಮ ಹಿರಿಯರು ನಮಗೆ ಬಾಲ್ಯದಲ್ಲಿಯೇ ತೋರಿಸಿಕೊಟ್ಟಿದ್ದಾರೆ.

ಹಳೆಯ ಕಥೆಯೇ ಹೊಸ ಪ್ರೇಕ್ಷಕನಿಗೆ ಸೇತುವೆಯಾದ ಸಂದರ್ಭಗಳೂ ಉಂಟು. 'ಸ್ವಾನ್ ಲೇಕ್' ಬ್ಯಾಲೆಯ ಇಂದಿನ ರೂಪ ಸಿದ್ಧವಾದುದು 1895ರಲ್ಲಿ. ಸರಿಯಾಗಿ ನೂರು ವರ್ಷಗಳ ಬಳಿಕ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ನೃತ್ಯಸಂಯೋಜಕ ಮ್ಯಾಥ್ಯೂ ಬೋರ್ನ್, ಚೈಕಾವ್‌ಸ್ಕಿಯ ಸಂಗೀತವನ್ನು ಉಳಿಸಿಕೊಂಡು, ಹಂಸಗಳ ಪಾತ್ರಗಳನ್ನೆಲ್ಲ ಗಂಡಸರಿಗೆ ಕೊಟ್ಟರು. ಬರಿಮೈಯ, ಗರಿಯಂತಹ ಇಜಾರ ತೊಟ್ಟ ಆ ಹಂಸಗಳು ಕೋಮಲವಾದುವಲ್ಲ. ಬಲಿಷ್ಠವಾದುವು, ಕೆರಳಿದರೆ ಮೇಲೆ ಬೀಳುವಂತಹವು. ಗಂಡು ಹಂಸದೊಡನೆ ರಾಜಕುಮಾರ ಕುಣಿದುದನ್ನು ಸಹಿಸಲಾರದೆ ಮೊದಮೊದಲು ಕೆಲವರು ಎದ್ದುಹೋದರು. ಆದರೆ ಬ್ಯಾಲೆಯ ಕಡೆ ಎಂದೂ ತಲೆಹಾಕದಿದ್ದವರು ಬಂದರು. ಕೃತಿ ಲಂಡನ್ನಿನ ವಾಣಿಜ್ಯ ರಂಗಭೂಮಿಗೂ ನ್ಯೂಯಾರ್ಕಿನ ಬ್ರಾಡ್‌ವೇಗೂ ಏರಿತು. 2000ದಲ್ಲಿ ಬಂದ 'ಬಿಲಿ ಎಲಿಯಟ್' ಚಲನಚಿತ್ರದ ಕೊನೆಯಲ್ಲಿ ಗಣಿಕಾರ್ಮಿಕನ ಮಗ ರಂಗಕ್ಕೆ ನೆಗೆಯುವುದು ಇದೇ ಹಂಸದ ವೇಷದಲ್ಲಿ.

ಇದಕ್ಕಿಂತ ಗಹನವಾದ ಉದಾಹರಣೆ ಅಕ್ರಂ ಖಾನರ 'ಜಿಸೆಲ್'. ಬಾಂಗ್ಲಾದೇಶ ಮೂಲದ ಮನೆತನದಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಪ್ರತಾಪ್ ಪವಾರರಲ್ಲಿ ಕಥಕ್ ಕಲಿತ ಈ ಕಲಾವಿದರಿಗೆ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ತಂಡ 1841ರ ಹಳೆಯ ಕೃತಿಯೊಂದನ್ನು ಹೊಸದಾಗಿ ಕಟ್ಟಿಕೊಡಲು ಕೇಳಿಕೊಂಡಿತು. ಅದು 2016ರಲ್ಲಿ ಮೊದಲು ಪ್ರದರ್ಶಿತವಾದುದು ಹತ್ತಿಗಿರಣಿಗಳ ನಗರವಾಗಿದ್ದ ಮ್ಯಾಂಚೆಸ್ಟರಿನಲ್ಲಿ. ಮೂಲದ ಹಳ್ಳಿಯ ಹುಡುಗಿ ಇಲ್ಲಿ ಮುಚ್ಚಿಹೋದ ಉಡುಪಿನ ಕಾರ್ಖಾನೆಯ ವಲಸೆ ಕೆಲಸಗಾರ್ತಿಯಾಗಿದ್ದಾಳೆ. ಮಾಲಿಕರನ್ನೂ ಕೆಲಸಗಾರರನ್ನೂ ಬೇರ್ಪಡಿಸುವ ಒಂದು ಮಹಾಗೋಡೆ ರಂಗದ ಹಿಂಬದಿಯನ್ನು ತುಂಬಿಕೊಂಡಿದೆ. ಎರಡನೆಯ ಅಂಕದಲ್ಲಿ ಪಾಳುಬಿದ್ದ ಕಾರ್ಖಾನೆಯೊಳಗೆ, ದುಡಿದು ಸತ್ತ ಹೆಂಗಸರ ಪ್ರೇತಗಳು ಕೂದಲು ಕೆದರಿಕೊಂಡು, ಕೈಯಲ್ಲಿ ಕೋಲು ಹಿಡಿದು ಬರುತ್ತವೆ. ಬದುಕಿರುವವರು ಪಾದವನ್ನು ನೆಲಕ್ಕೂರಿ ಕುಣಿಯುವ ಈ ಕೃತಿಯಲ್ಲಿ, ಕಾಲ್ಬೆರಳ ತುದಿಯ ಮೇಲೆ ನಡೆಯುವವರು ಸತ್ತವರು. ಅಪ್ಸರೆಯರ ಲಾವಣ್ಯಕ್ಕೆಂದು ಹುಟ್ಟಿದ ನಡೆ ಇಲ್ಲಿ ಎದೆಯನ್ನು ನಡುಗಿಸುತ್ತದೆ. ಹಳೆಯ 'ಜಿಸೆಲ್' ಬಲ್ಲವನಿಗೆ ಇದರಲ್ಲಿ ಇಮ್ಮಡಿ ಅನುಭವ; ಅರಿಯದವನಿಗೆ ಪ್ರತ್ಯೇಕ ವ್ಯಾಖ್ಯಾನವೇನೂ ಬೇಕಿಲ್ಲ. ಜನರನ್ನು ಸೆಳೆಯಲು ಕಲೆಯನ್ನು ತೆಳುಮಾಡಬೇಕೆನ್ನುವವರು ಈ ಕೃತಿಯನ್ನು ನೋಡಬೇಕೆಂದು ನನ್ನ ಬಯಕೆ.

ಹಣದ ಮಾತನ್ನೂ ಆಡಲೇಬೇಕು. ಅಮೆರಿಕದ ಬಹುಪಾಲು ಬ್ಯಾಲೆ ತಂಡಗಳು ಡಿಸೆಂಬರಿನಲ್ಲಿ ಆಡುವ 'ನಟ್‌ಕ್ರ್ಯಾಕರ್' ಎಂಬ ಒಂದೇ ಕೃತಿಯ ಟಿಕೇಟಿನ ಹಣವನ್ನು ವರ್ಷದ ಉಳಿದ ಸಾಹಸಗಳಿಗೆ ಬಹುವಾಗಿ ನೆಚ್ಚಿಕೊಂಡಿವೆ. ಮಕ್ಕಳ ಕೈಹಿಡಿದು ಬರುವ ಆ ಕುಟುಂಬಗಳು ವಸಂತದ ಹೊಸ ಕೃತಿಗಳಿಗೆ ಮರಳಿ ಬರುವುದು ಕಡಮೆ. ಮೂರು ಕಿರುಕೃತಿಗಳ ಸಂಜೆಗೆ ಟಿಕೇಟು ಮಾರುವುದು ಪೂರ್ಣಕಥೆಯ ಬ್ಯಾಲೆಗೆ ಮಾರುವುದಕ್ಕಿಂತ ಕಷ್ಟವೆಂಬುದು ಈ ವ್ಯವಹಾರದಲ್ಲಿರುವವರೆಲ್ಲರ ಅನುಭವ. ಹೆಸರನ್ನೇ ಕೇಳದ ವಸ್ತುವಿಗೆ ದುಬಾರಿ ಬೆಲೆ ತೆರಲು ಜನ ಹಿಂಜರಿಯುವುದು ಸಹಜವೇ. ನ್ಯೂಯಾರ್ಕಿನ ಸಿಟಿ ಸೆಂಟರ್ ಎಂಬ ರಂಗಮಂದಿರ, ಜನಸಾಮಾನ್ಯರಿಗೆ ಅಗ್ಗದಲ್ಲಿ ಕಲೆ ದೊರೆಯಲೆಂದು 1943ರಲ್ಲಿ ತೆರೆದುದು, 2004ರಲ್ಲಿ 'ಫಾಲ್ ಫಾರ್ ಡಾನ್ಸ್' ಎಂಬ ಉತ್ಸವವನ್ನು ಆರಂಭಿಸಿ ಪ್ರತಿಯೊಂದು ಆಸನಕ್ಕೂ ಹತ್ತು ಡಾಲರೆಂದು ಸಾರಿತು. ಒಂದೇ ಸಂಜೆ ಬ್ಯಾಲೆ, ಆಧುನಿಕ ನೃತ್ಯ, ದೇಶದೇಶಗಳ ಪರಂಪರೆಯ ನೃತ್ಯಗಳು ಒಂದರ ಬೆನ್ನಿಗೊಂದು ಬರುತ್ತವೆ. ಟಿಕೇಟಿಗಾಗಿ ಉದ್ದನೆಯ ಸರದಿ ನಿಂತಿತು. ಒಂದು ಹಿಡಿಸದಿದ್ದರೆ ಕಾಲು ಗಂಟೆಯಲ್ಲಿ ಮತ್ತೊಂದು ಬರುವುದೆಂಬ ಧೈರ್ಯವೇ ಅಪರಿಚಿತವಾದುದನ್ನು ನೋಡುವ ತಾಳ್ಮೆಯನ್ನು ಜನರಿಗೆ ಕೊಟ್ಟಿತು.

ನ್ಯೂಯಾರ್ಕ್ ಸಿಟಿ ಬ್ಯಾಲೆ 2014ರಲ್ಲಿ ಜೆ.ಆರ್. ಎಂಬ ಫ್ರೆಂಚ್ ಕಲಾವಿದನಿಂದ ತನ್ನ ಮಂದಿರದ ವಿಶಾಲವಾದ ಒಳ ಅಂಗಳದ ನೆಲಕ್ಕೆ ನರ್ತಕರ ಬೃಹತ್ ಛಾಯಾಚಿತ್ರವನ್ನು ಹಾಸಿಸಿತು. ಮೇಲಿನ ಅಂತಸ್ತುಗಳಿಂದ ನೋಡಿದರೆ ಅವರೆಲ್ಲರ ದೇಹಗಳು ಕೂಡಿ ಒಂದು ಕಣ್ಣಾಗಿ ತೋರುತ್ತಿದ್ದುವು. ಅದರ ಮೇಲೆ ಮಲಗಿ ಚಿತ್ರ ತೆಗೆಸಿಕೊಳ್ಳಲು ಬಂದ ಯುವಜನರಿಗಾಗಿ ಕೆಲವು ಸಂಜೆಗಳ ಟಿಕೇಟನ್ನೆಲ್ಲ ಇಪ್ಪತ್ತೊಂಬತ್ತು ಡಾಲರಿಗೆ ಇಳಿಸಿದರು. ಇಂತಹ ಆಕರ್ಷಣೆಯನ್ನು ನಾನು ಹೀನವೆಂದು ಎಣಿಸುವುದಿಲ್ಲ. ಆದರೆ ಅದು ಅಂಗಳದವರೆಗೆ ಮಾತ್ರ ತರಬಲ್ಲುದು. 2014ರಲ್ಲಿ ಆರಂಭವಾದ ವಿಶ್ವ ಬ್ಯಾಲೆ ದಿನ ಇದಕ್ಕಿಂತ ಒಳಗೆ ಕರೆದೊಯ್ಯುತ್ತದೆ. ಅಂದು ಲಂಡನ್ನಿನ ರಾಯಲ್ ಬ್ಯಾಲೆಯೂ ಆಸ್ಟ್ರೇಲಿಯ, ಕೆನಡ ಮೊದಲಾದ ದೇಶಗಳ ತಂಡಗಳೂ ತಮ್ಮ ದಿನನಿತ್ಯದ ಅಭ್ಯಾಸವನ್ನು ಅಂತರ್ಜಾಲದ ಮೂಲಕ ನೇರವಾಗಿ ತೋರಿಸುತ್ತವೆ. ಉಣ್ಣೆಯ ಕಾಲುಚೀಲ ತೊಟ್ಟ ಪ್ರಖ್ಯಾತ ನರ್ತಕಿ ಮರದ ದಂಡವನ್ನು ಹಿಡಿದು ಎಳೆಯ ವಿದ್ಯಾರ್ಥಿನಿಯಂತೆ ಮಂಡಿ ಬಾಗಿಸುವುದನ್ನೂ, ಒಂದೇ ಎತ್ತುಗೆಯನ್ನು ಗುರು ಹತ್ತು ಬಾರಿ ಮಾಡಿಸಿ ತಿದ್ದುವುದನ್ನೂ ಕಂಡವನಿಗೆ ರಂಗದ ಮೇಲೆ ಏನನ್ನು ನೋಡಬೇಕೆಂಬುದು ತಾನಾಗಿಯೇ ತಿಳಿದೀತು.

ಕನ್ನಡಿಗರಿಗೆ ಈ ಪ್ರಶ್ನೆಗಳು ದೂರದವಲ್ಲ. ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆಯನ್ನು ಕಟ್ಟಿದಾಗ ಇರುಳಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು, ಮಾತುಗಾರಿಕೆಯನ್ನು ಕೈಬಿಟ್ಟರು, ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ತಂದರು. ಅರ್ಥಗಾರಿಕೆಯೇ ಯಕ್ಷಗಾನದ ಪ್ರಾಣವೆಂದು ನಂಬಿದ್ದ ಬಯಲಾಟದ ರಸಿಕರು ಅದನ್ನು ಒಪ್ಪಲಿಲ್ಲ; ಕನ್ನಡವನ್ನೇ ಅರಿಯದ ಹೊರನಾಡಿನ ಪ್ರೇಕ್ಷಕರು ಅದರ ಹೆಜ್ಜೆ, ಬಣ್ಣ, ರಾಗಗಳಿಗೆ ಮನಸೋತರು. ಎರಡೂ ಪ್ರತಿಕ್ರಿಯೆಗಳು ಪ್ರಾಮಾಣಿಕವಾದುವೆಂದೇ ನನ್ನ ಭಾವನೆ. ಇಂದು ಬೆಂಗಳೂರಿನ ಅಟ್ಟಕ್ಕಲರಿಯಂತಹ ಸಂಸ್ಥೆಗಳು ಸಮಕಾಲೀನ ನೃತ್ಯವನ್ನು ಕಲಿಸುತ್ತಲೂ ಪ್ರದರ್ಶಿಸುತ್ತಲೂ ಬಂದಿವೆ. ಆದರೂ ರಾಜಧಾನಿಯನ್ನು ದಾಟಿದರೆ ಅಂತಹ ನೃತ್ಯವನ್ನು ಕಂಡವರು ವಿರಳ. ನಮ್ಮ ಊರುಗಳ ಕಾರ್ಯಕ್ರಮಗಳಲ್ಲಿ ಸ್ವಾಗತ, ಅತಿಥಿಪರಿಚಯ, ಸನ್ಮಾನಗಳಿಗೆಂದು ಮೀಸಲಾದ ಹೊತ್ತಿನಲ್ಲಿ ಹತ್ತು ನಿಮಿಷಗಳನ್ನು ನರ್ತಕರಿಗೆ ಬಿಟ್ಟುಕೊಡಬಹುದು. ಅವರು ಸಾಮಾನ್ಯ ಉಡುಪಿನಲ್ಲಿಯೇ ರಂಗಕ್ಕೆ ಬಂದು, ಒಂದು ಚಲನೆಯನ್ನು ಮೊದಲು ಪರಂಪರೆಯ ರೀತಿಯಲ್ಲಿ, ಆ ಬಳಿಕ ತಾವು ಬದಲಿಸಿಕೊಂಡ ರೀತಿಯಲ್ಲಿ ಮಾಡಿ ತೋರಿಸಿ, ಹೀಗೇಕೆ ಬದಲಿಸಿದೆವೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಲಿ. ಶಿವಮೊಗ್ಗದಲ್ಲಾಗಲಿ ಧಾರವಾಡದಲ್ಲಾಗಲಿ ಮೊದಲ ಸಲ ಬಂದು ಕುಳಿತವನಿಗೆ ಅದಕ್ಕಿಂತ ಹೆಚ್ಚಿನ ಪೀಠಿಕೆ ಬೇಕಾಗಲಾರದು.