ಬ್ಯಾಡಗಿಯಲ್ಲಿ ಕಲಿಯದ ಖಾರ

ಮನೆಯ ಹಿರಿಯಳೊಂದಿಗೆ ಆ ಮನೆಯ ರುಚಿಯೂ ಹೊರಟುಹೋಗುವುದುಂಟು. ಇದನ್ನು ಅನೇಕ ಗೃಹಿಣಿಯರು ಅನುಭವದಿಂದ ಬಲ್ಲರು. ನಮ್ಮ ಅತ್ತೆಯವರು ಪ್ರತಿ ಬೇಸಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಖಾರವನ್ನು ಮಾಡಿಡುತ್ತಿದ್ದರು. ಅವರಿದ್ದಾಗ ಬಳಿಯಲ್ಲಿ ನಿಂತು ನೋಡುವ ವ್ಯವಧಾನ ನನಗಿರಲಿಲ್ಲ. ಅವರು ತೀರಿಕೊಂಡ ಬಳಿಕ ಆ ಖಾರವೂ ಇಲ್ಲವಾಯಿತು.

ಆದುದರಿಂದ ಕಳೆದ ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಬೆಂಗಳೂರಿನಿಂದ ರಾಣೆಬೆನ್ನೂರಿನ ನಂಟರ ಮನೆಗೆ ಹೋದಾಗ, ಬ್ಯಾಡಗಿಯ ಬಳಿ ಪ್ರವಾಸಿಗರಿಗೆ ಖಾರ ಕುಟ್ಟಲು ಕಲಿಸುವರೆಂದು ಕೇಳಿ, ಹಣ ತೆತ್ತು ಹೊರಟೆವು. ಬ್ಯಾಡಗಿಯ ಮೆಣಸಿನಕಾಯಿಯ ಕೀರ್ತಿಯನ್ನು ವಾಚಕರು ಬಲ್ಲರು. ಅದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ, ಮೈತುಂಬ ನಿರಿಗೆ. ನೀಳವಾದುದು ಕಡ್ಡಿ, ಗಿಡ್ಡನೆಯದು ಡಬ್ಬಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ.

ಅಲ್ಲಿ ಒಂದು ಒರಳು, ಎರಡು ಒನಕೆ. ಒರಳಿನಲ್ಲಿ ಪುಡಿಯು ಆಗಲೇ ಸಿದ್ಧವಾಗಿತ್ತು! ತಲೆಗೆ ಹತ್ತು ಪೆಟ್ಟು, ಒಂದು ಭಾವಚಿತ್ರ, ಕೈಗೊಂದು ಪೊಟ್ಟಣ. ಅಲ್ಲಿಗೆ ಪಾಠ ಮುಗಿಯಿತು. “ಹುರಿಯುವುದು ಯಾವಾಗ?” ಎಂದು ಮಗಳು ಕೇಳಿದಳು. “ಅದೆಲ್ಲ ಗಿರಣಿಯಿಂದಲೇ ಆಗಿ ಬರುತ್ತದೆ” ಎಂಬ ಉತ್ತರ ಬಂದಿತು. ಮಗುವಿನ ಮೋರೆ ಬಾಡಿತು, ನನ್ನದೂ ಕೂಡ.

ಸಂಜೆ ದೊಡ್ಡತ್ತೆಯವರಿಗೆ ಇದನ್ನು ಹೇಳಿದೆ. ಅವರು ನಮ್ಮ ಅತ್ತೆಯವರ ಒಡಹುಟ್ಟಿದ ಅಕ್ಕ. ಈಗ ಕಣ್ಣು ಮಂಜಾಗಿದೆ. “ಕುಟ್ಟೋದೇನು ದೊಡ್ಡ ವಿದ್ಯೆ, ತಂಗಿ? ಹುರಿಯೋದ್ರಾಗ ಐತಿ ಎಲ್ಲಾ” ಎಂದು ನಕ್ಕರು.

ಏಲಕ್ಕಿ ಹಾರ ಕಟ್ಟುವುದನ್ನು ನೋಡಲು ಮರುದಿನ ಹಾವೇರಿಗೆ ಹೋಗಬೇಕೆಂದಿದ್ದೆವು. ಅದನ್ನು ಕೈಬಿಟ್ಟು ಅಂಗಳದಲ್ಲಿ ಕುಳಿತೆವು. ಬಿಸಿಲಿಗೆ ಗರಿಗರಿಯಾದ ಕಾಯಿಗಳ ತೊಟ್ಟು ಮುರಿದೆವು. ಕಾಯಿಗೆ ತುಸುವೇ ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಹುರಿದೆವು; ಕೊತ್ತಂಬರಿ, ಜೀರಿಗೆ, ಒಣಕೊಬ್ಬರಿಗಳನ್ನು ಬೇರೆಬೇರೆಯಾಗಿ ಹುರಿದೆವು. ಒಂದರ ಹದ ಇನ್ನೊಂದಕ್ಕೆ ಸಲ್ಲದು. ಕಾಯಿ ಕಪ್ಪಾದರೆ ಬಣ್ಣವೂ ಹೋಯಿತು, ರುಚಿಯೂ ಕಹಿಯಾಯಿತು. ಬಣ್ಣ ಕಾಣದ ಆ ವೃದ್ಧೆಯು ಬರಿಯ ವಾಸನೆಯಿಂದಲೇ “ಸಾಕು, ಇಳಸು” ಎನ್ನುತ್ತಿದ್ದರು. ಮಗಳು ಪಕ್ಕದಲ್ಲಿ ಕುಳಿತು ಮೂಸಿ ಮೂಸಿ ಕಲಿತಳು.

ಆ ಖಾರ ಅತ್ತೆಯವರದರಂತೆಯೇ ಆಯಿತೆಂದು ಹೇಳಲಾರೆ, ಸಮೀಪಕ್ಕೆ ಬಂದಿತು. ಹಣ ಕೊಟ್ಟು ಕಲಿಯಲು ಹೊರಟವಳಿಗೆ ಗುರುವು ಮನೆಯ ಜಗಲಿಯಲ್ಲಿಯೇ ಇದ್ದುದು ಕಂಡಿರಲಿಲ್ಲ. ಸೋದರಿಯರೇ, ನಿಮ್ಮ ಮನೆಯಲ್ಲಿಯೂ ಅಂಥ ಹಿರಿಯರಿದ್ದರೆ ಈ ಬೇಸಗೆಯಲ್ಲಿಯೇ ಅವರ ಬಳಿ ಕುಳಿತುಕೊಳ್ಳಿರಿ.