ನಿಮಗಿದು ಗೊತ್ತೇ? ಅತ್ತಿಬೆಲೆ ದಾಟಿದರೆ ಬದುಕು ಅಗ್ಗವೇ?

ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿ.ಮೀ. ಅತ್ತಿಬೆಲೆ ದಾಟಿದರೆ ತಮಿಳುನಾಡು. ಕೆಲಸ ಈ ಕಡೆ, ಮನೆ ಆ ಕಡೆ ಮಾಡಿದರೆ ಎಷ್ಟು ಉಳಿದೀತು ಎಂಬ ಲೆಕ್ಕ ಹೊಸೂರು ರಸ್ತೆಯುದ್ದಕ್ಕೂ ಅದೆಷ್ಟೋ ಮನೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಹೆಚ್ಚಿನ ಸಲ ಅದು ಬಾಡಿಗೆಯಲ್ಲಿ ಶುರುವಾಗಿ ಬಾಡಿಗೆಯಲ್ಲೇ ಮುಗಿಯುತ್ತದೆ. ಗಡಿ ದಾಟಿದಾಗ ನಿಜಕ್ಕೂ ಏರುಪೇರಾಗುವ ಬಾಬತ್ತುಗಳು ಬೇರೆಯೇ ಇವೆ.

ಬದಲಾಗದ್ದು

● ಸೋಪು, ಪೇಸ್ಟು, ಫ್ರಿಜ್ಜು, ಮೊಬೈಲು ಯಾವ ಕಡೆ ಕೊಂಡರೂ ತೆರಿಗೆ ಒಂದೇ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಇವುಗಳಲ್ಲಿ ರಾಜ್ಯ ರಾಜ್ಯಕ್ಕೂ ತೆರಿಗೆ ವ್ಯತ್ಯಾಸ ಉಳಿದಿಲ್ಲ. ಪೆಟ್ರೋಲ್, ಡೀಸೆಲ್, ಮದ್ಯ, ವಿದ್ಯುತ್, ವಾಹನ ತೆರಿಗೆ, ಆಸ್ತಿ ನೋಂದಣಿ ಜಿಎಸ್‌ಟಿಯ ಹೊರಗಿವೆ. ಎರಡು ರಾಜ್ಯಗಳನ್ನು ತೂಗಿ ನೋಡುವವರು ಕಣ್ಣಿಡಬೇಕಾದ್ದು ಇವುಗಳ ಮೇಲೆ.

● ಆದಾಯ ತೆರಿಗೆಯೂ ದೇಶಕ್ಕೆಲ್ಲ ಒಂದೇ. ರೈಲಿನ ದರವೂ ಅಷ್ಟೇ. ಅದು ಕಿಲೋಮೀಟರು ನೋಡುತ್ತದೆ, ರಾಜ್ಯ ನೋಡುವುದಿಲ್ಲ.

ಮನೆ

● ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಾನೂನಲ್ಲ, ರೂಢಿ. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿ ಸೂಚಿಸಿದೆ. ಆದರೆ ರಾಜ್ಯ ಅಳವಡಿಸಿಕೊಳ್ಳದ ಹೊರತು ಅದಕ್ಕೆ ಬಲವಿಲ್ಲ. ತಮಿಳುನಾಡಿನಲ್ಲಿ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಬಾಡಿಗೆ ಕಾನೂನಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಠೇವಣಿ ಮೂರು ತಿಂಗಳ ಬಾಡಿಗೆ. 15,000 ರೂ. ಬಾಡಿಗೆಯ ಮನೆಗೆ ಹತ್ತು ತಿಂಗಳೆಂದರೆ ಒಂದೂವರೆ ಲಕ್ಷ, ಮೂರು ತಿಂಗಳೆಂದರೆ 45,000 ರೂ. ಕೈಯಲ್ಲಿ ಇಡುಗಂಟು ಇಲ್ಲದವರಿಗೆ ತಿಂಗಳ ಬಾಡಿಗೆಗಿಂತ ಈ ಅಂತರವೇ ದೊಡ್ಡದು.

● ಮನೆ ಕೊಳ್ಳುವುದಾದರೆ? 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. 45 ಲಕ್ಷ ರೂ. ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ನಗರದಲ್ಲಿ ಸೆಸ್, ಸರ್ಚಾರ್ಜ್ ಸೇರಿದರೆ ಅದು ಶೇ 5.6. ಅಂದರೆ ಒಟ್ಟು ಶೇ 7.6. ತಮಿಳುನಾಡಿನಲ್ಲಿ ಸೈಟಿಗೂ ಹಳೆಯ ಮನೆಗೂ ಮುದ್ರಾಂಕ ಶೇ 7, ನೋಂದಣಿ ಶೇ 2, ಒಟ್ಟು ಶೇ 9. 48 ಲಕ್ಷ ರೂ. ಸೈಟಿಗೆ ಈ ಕಡೆ 3,64,800 ರೂ., ಆ ಕಡೆ 4,32,000 ರೂ. ಕರ್ನಾಟಕವೇ ಅಗ್ಗವಾಯಿತಲ್ಲ?

● ಸೈಟಿನ ಬದಲು ಹೊಸ ಫ್ಲ್ಯಾಟ್ ಎಂದಾದರೆ ಇದೇ ಲೆಕ್ಕ ತಲೆಕೆಳಗು! 2023ರ ಡಿಸೆಂಬರ್‌ನಿಂದ ತಮಿಳುನಾಡಿನಲ್ಲಿ 50 ಲಕ್ಷದೊಳಗಿನ ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ ಮುದ್ರಾಂಕ, ನೋಂದಣಿ ಎರಡೂ ಸೇರಿ ಶೇ 6. ಅದೇ 48 ಲಕ್ಷಕ್ಕೆ 2,88,000 ರೂ. ಆಯಿತು. ‘ಯಾವ ರಾಜ್ಯ ಅಗ್ಗ’ ಎಂದು ಕೇಳುವ ಮೊದಲು ‘ಏನು ಕೊಳ್ಳುತ್ತೇನೆ’ ಎಂದು ಕೇಳಿಕೊಳ್ಳಬೇಕು.

● ಎರಡೂ ರಾಜ್ಯಗಳಲ್ಲಿ ಈ ಶುಲ್ಕವನ್ನು ಕ್ರಯದ ಮೊತ್ತ ಮತ್ತು ಸರ್ಕಾರದ ಮಾರ್ಗಸೂಚಿ ದರ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಹಾಕುತ್ತಾರೆ. ಚೌಕಾಸಿ ಮಾಡಿ ಬೆಲೆ ಇಳಿಸಿಕೊಂಡರೂ ಶುಲ್ಕ ಇಳಿಯಲೇಬೇಕೆಂದಿಲ್ಲ.

● 2025ರ ಏಪ್ರಿಲ್‌ನಿಂದ ತಮಿಳುನಾಡಿನಲ್ಲಿ 10 ಲಕ್ಷ ರೂ. ಒಳಗಿನ ಆಸ್ತಿ ಹೆಂಗಸರ ಹೆಸರಿಗೆ ಆದರೆ ನೋಂದಣಿ ಶುಲ್ಕದಲ್ಲಿ ಶೇ 1 ಕಡಿತವಿದೆ.

ಕರೆಂಟು, ಹಾಲು, ಡೀಸೆಲ್

● ಕರ್ನಾಟಕದಲ್ಲಿ ಮೀಟರ್ ರೀಡರ್ ತಿಂಗಳಿಗೊಮ್ಮೆ ಬಂದು ಕೈಯಲ್ಲಿನ ಯಂತ್ರದಿಂದ ಬಿಲ್ ಹರಿದು ಗೇಟಿಗೆ ಸಿಕ್ಕಿಸಿ ಹೋಗುತ್ತಾನೆ. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಬಂದು, ಮನೆಯಲ್ಲಿಟ್ಟ ಬಿಳಿ ಕಾರ್ಡಿನ ಮೇಲೆ ರೀಡಿಂಗ್ ಬರೆದು ಹೋಗುವ ಪದ್ಧತಿ. ಗಡಿಯಾಚೆಯವರು ‘ಬಿಲ್ ಇಷ್ಟು’ ಎಂದಾಗ ಅದು ಎರಡು ತಿಂಗಳ ಮೊತ್ತ ಎಂಬುದು ನೆನಪಿರಲಿ.

● 2016ರಿಂದ ತಮಿಳುನಾಡಿನ ಎಲ್ಲ ಗೃಹ ಬಳಕೆದಾರರಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ. ಬಡವ, ಬಲ್ಲಿದ ಎಂಬ ಭೇದವಿಲ್ಲ. ಕರ್ನಾಟಕದ ಗೃಹಜ್ಯೋತಿಯಲ್ಲಿ (2023ರ ಜುಲೈನಿಂದ) ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎನ್ನುವುದು ಜನಜನಿತ. ಆದರೆ ಎಲ್ಲರಿಗೂ 200 ಸಿಗುವುದಿಲ್ಲ. 2022–23ರಲ್ಲಿ ಆ ಮೀಟರ್‌ನ ಮಾಸಿಕ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದೇ ಆ ಮನೆಯ ಪಾಲು ಎಂದು ಯೋಜನೆ ಶುರುವಾದಾಗ ಗೊತ್ತುಮಾಡಿದ್ದರು. ಅದಕ್ಕಿಂತ ಜಾಸ್ತಿ ಉರಿಸಿದರೆ ಹೆಚ್ಚುವರಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

● ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ? ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು ಶೇ 10 ಸೇರಿಸಿ 58 ಯೂನಿಟ್ ಎಂದು ಯೋಜನೆ ಶುರುವಾದಾಗಲೇ ನಿಗದಿ ಮಾಡಿದ್ದರು. ಬಾಡಿಗೆದಾರರಿಗೂ ಸೌಲಭ್ಯ ಉಂಟು.

● ‘ನಂದಿನಿ ಹಾಲಿನಷ್ಟು ಅಗ್ಗ ಎಲ್ಲೂ ಇಲ್ಲ’ ಎಂಬ ಮಾತು ತಮಿಳುನಾಡಿನ ಆವಿನ್ ಮುಂದೆ ನಿಲ್ಲುವುದಿಲ್ಲ. ಆವಿನ್ ಟೋನ್ಡ್ ಹಾಲಿನ ದರವನ್ನು 2021ರ ಮೇ ತಿಂಗಳಲ್ಲಿ 3 ರೂ. ಇಳಿಸಿ ಲೀಟರಿಗೆ 40 ರೂ. ಮಾಡಲಾಯಿತು. ನಂದಿನಿ ಟೋನ್ಡ್ ಹಾಲು 2025ರ ಏಪ್ರಿಲ್ 1ರಂದು 4 ರೂ. ಏರಿ 46 ರೂ. ಆಯಿತು. ದಿನಕ್ಕೆ ಒಂದು ಲೀಟರ್ ಕೊಳ್ಳುವ ಮನೆಗೆ ತಿಂಗಳಿಗೆ 180 ರೂ. ಅಂತರ.

● ಡೀಸೆಲ್‌ನಲ್ಲಿ ಇದು ಉಲ್ಟಾ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿತು. ಬೆಂಗಳೂರಿನ ದರ 91.02 ರೂ. ಆದಾಗಲೂ ಹೊಸೂರಿನಲ್ಲಿ 94.42, ಕಾಸರಗೋಡಿನಲ್ಲಿ 95.66, ಅನಂತಪುರದಲ್ಲಿ 97.35 ರೂ. ಇತ್ತು.

ಗಾಡಿ

● 12 ಲಕ್ಷ ರೂ.ಗಳ ಕಾರಿಗೆ ಕರ್ನಾಟಕದ ಆಜೀವ ತೆರಿಗೆ ಶೇ 17, ಅಂದರೆ 2,04,000 ರೂ. ಅದರ ಮೇಲೆ ಸೆಸ್ ಬೇರೆ. ತಮಿಳುನಾಡಿನಲ್ಲಿ 2023ರ ನವೆಂಬರ್‌ನಲ್ಲಿ ದರ ಪರಿಷ್ಕರಣೆಯಾದ ಮೇಲೂ ಶೇ 15, ಅಂದರೆ 1,80,000 ರೂ. ಆದರೆ ಕಾರಿನ ಬೆಲೆ 20 ಲಕ್ಷ ದಾಟಿತೋ, ಕರ್ನಾಟಕದ ಮೂಲ ದರ ಶೇ 18, ತಮಿಳುನಾಡಿನದು ಶೇ 20.

● ‘ಆಜೀವ’ ಎಂದರೆ ಆ ರಾಜ್ಯದಲ್ಲಿ ಇರುವವರೆಗೆ ಮಾತ್ರ. ಮೋಟಾರು ವಾಹನ ಕಾಯ್ದೆ, 1988ರ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಹನ ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು. ಹಳೆಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಹೊಸ ರಾಜ್ಯಕ್ಕೆ ತೆರಿಗೆ ಕಟ್ಟಬೇಕು, ಉಳಿದ ಅವಧಿಯ ಹಣ ವಾಪಸ್ ಬೇಕೆಂದು ಹಳೆಯ ರಾಜ್ಯಕ್ಕೆ ಅರ್ಜಿ ಹಾಕಬೇಕು. ಎರಡು ಮೂರು ವರ್ಷಕ್ಕೆಂದು ಊರು ಬದಲಿಸುವವರಿಗೆ ಬಾಡಿಗೆಯಲ್ಲಿ ಉಳಿದದ್ದು ಇಲ್ಲೇ ಕರಗಿಹೋಗಬಹುದು.

● ಇದಕ್ಕೆ ದಾರಿಯೂ ಇದೆ. 2021ರ ಸೆಪ್ಟೆಂಬರ್ 15ರಿಂದ ಬಂದ ‘ಬಿಎಚ್’ ಸರಣಿಯ ನಂಬರಿಗೆ ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟುತ್ತ ಹೋದರಾಯಿತು. ರಾಜ್ಯ ಬದಲಾದರೂ ನಂಬರ್ ಬದಲಾಗದು. ಸರ್ಕಾರಿ ನೌಕರರಿಗೆ, ರಕ್ಷಣಾ ಸಿಬ್ಬಂದಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೆ ಮಾತ್ರ ಈ ಅನುಕೂಲ.

ಸಂಬಳ

● ವೃತ್ತಿ ತೆರಿಗೆ ವಾಸದ ಊರನ್ನಲ್ಲ, ದುಡಿಯುವ ಊರನ್ನು ಹಿಂಬಾಲಿಸುತ್ತದೆ. ಹೊಸೂರಿನಲ್ಲಿ ಮಲಗಿ ಬೊಮ್ಮಸಂದ್ರದಲ್ಲಿ ದುಡಿಯುವವರ ಸಂಬಳದಿಂದ ಕರ್ನಾಟಕದ ವೃತ್ತಿ ತೆರಿಗೆಯೇ ಮುರಿದುಹೋಗುತ್ತದೆ. ಇಲ್ಲಿ ತಿಂಗಳ ಸಂಬಳ 25,000 ರೂ. ಮುಟ್ಟಿದರೆ 200 ರೂ., ಫೆಬ್ರವರಿಯಲ್ಲಿ 300 ರೂ. ಫೆಬ್ರವರಿಯಲ್ಲಿ ಏಕೆ ನೂರು ಹೆಚ್ಚು ಎಂದರೆ, ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500 ರೂ. ಮಿತಿ ಹಾಕಿದೆ. ಹನ್ನೆರಡು ತಿಂಗಳ 200ಕ್ಕೆ ಈ ನೂರು ಸೇರಿದರೆ ಮಿತಿ ಸರಿಯಾಗಿ ಭರ್ತಿ. ತಮಿಳುನಾಡಿನಲ್ಲಿ ಇದನ್ನು ಸ್ಥಳೀಯ ಸಂಸ್ಥೆಗಳು ಆರು ತಿಂಗಳಿಗೊಮ್ಮೆ ವಸೂಲು ಮಾಡುತ್ತವೆ.

● 1962ರ ಆದಾಯ ತೆರಿಗೆ ನಿಯಮಗಳಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿಗೆ ಸಂಬಳದ ಶೇ 50 ಹಿಡಿಯುವ ಭಾಗ್ಯ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಿಗೆ ಮಾತ್ರ ಇತ್ತು. ಆಗ ಬೆಂಗಳೂರಿಗೂ ಹೊಸೂರಿಗೂ ಒಂದೇ ಮಿತಿ ಇತ್ತು, ಶೇ 40. ಅದೇ ಬೆಂಗಳೂರು ಕೇಂದ್ರ ಸರ್ಕಾರಿ ನೌಕರರ ಭತ್ಯೆಯ ಪಟ್ಟಿಯಲ್ಲಿ ಅತಿ ಹೆಚ್ಚಿನ ‘ಎಕ್ಸ್’ ದರ್ಜೆಯ ನಗರ!

ಬಸ್ಸು ಮತ್ತು ಕಾರ್ಡು

● ಕರ್ನಾಟಕದ ಶಕ್ತಿ ಯೋಜನೆ (2023ರ ಜೂನ್ 11) ರಾಜ್ಯದ ವಿಳಾಸವಿರುವ ಮಹಿಳೆಯರಿಗೆ. ಕಂಡಕ್ಟರ್ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಹರಿದುಕೊಡಬೇಕು. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದಲೇ ಮಹಿಳೆಯರಿಗೆ ಉಚಿತ ಪ್ರಯಾಣವಿದೆ, ವಿಳಾಸ ಕೇಳುವುದಿಲ್ಲ. ಆದರೆ ಅದು ಸಾಮಾನ್ಯ ದರದ ಟೌನ್ ಬಸ್ಸಿಗೆ ಮಾತ್ರ. ಒಂದು ಕಡೆ ದೂರದೂರಿಗೂ ಉಚಿತ, ಆದರೆ ಆಧಾರ್ ನೋಡುತ್ತಾರೆ. ಇನ್ನೊಂದು ಕಡೆ ಯಾರಾದರೂ ಹತ್ತಬಹುದು, ಆದರೆ ಊರ ಸುತ್ತ ಮಾತ್ರ.

● ಮನೆಯ ಯಜಮಾನಿಗೆ ಕರ್ನಾಟಕದ ಗೃಹಲಕ್ಷ್ಮಿ ತಿಂಗಳಿಗೆ 2,000 ರೂ., ತಮಿಳುನಾಡಿನ ಮಗಳಿರ್ ಉರಿಮೈ ತೊಗೈ 1,000 ರೂ. ಎರಡೂ 2023ರಲ್ಲಿ ಹದಿನಾರೇ ದಿನಗಳ ಅಂತರದಲ್ಲಿ ಶುರುವಾದವು. ಎರಡಕ್ಕೂ ಆಯಾ ರಾಜ್ಯದ ರೇಷನ್ ಕಾರ್ಡ್ ಬೇಕು.

● ‘ಒಂದು ದೇಶ, ಒಂದು ರೇಷನ್ ಕಾರ್ಡ್’ ಇದ್ದರೂ ಗಡಿಯಾಚೆ ಸಿಗುವುದು ಕೇಂದ್ರದ ಪಾಲಿನ ಧಾನ್ಯ ಮಾತ್ರ. ಅನ್ನಭಾಗ್ಯದಲ್ಲಿ ರಾಜ್ಯ ಸೇರಿಸಿ ಕೊಡುವ ಪಾಲು ನಿಮ್ಮ ಜೊತೆ ಬಸ್ಸು ಹತ್ತುವುದಿಲ್ಲ. ತಮಿಳುನಾಡಿನಲ್ಲಿ ಬಿಪಿಎಲ್ ಅಲ್ಲದವರಿಗೂ ಅಕ್ಕಿಯ ಕಾರ್ಡ್ ಇದ್ದರೆ 2011ರಿಂದ ರೇಷನ್ ಅಕ್ಕಿ ಉಚಿತ.

ಮಕ್ಕಳು

● ಬಹಳ ಜನ ಲೆಕ್ಕಕ್ಕೇ ಹಿಡಿಯದ, ಎಲ್ಲಕ್ಕಿಂತ ದುಬಾರಿ ಬಾಬತ್ತು ಇದು. ಸಿಇಟಿಯಲ್ಲಿ ಕರ್ನಾಟಕದ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮವೆಂದರೆ, 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರಬೇಕು. ತಮಿಳುನಾಡಿನ ಎಂಜಿನಿಯರಿಂಗ್ ಕೌನ್ಸೆಲಿಂಗ್‌ನಲ್ಲಿ 8ರಿಂದ 12ರವರೆಗೆ ಅಲ್ಲೇ ಓದಿದವರಿಗೆ ವಾಸದ ಪ್ರಮಾಣಪತ್ರದ ಗೋಜಿಲ್ಲ. ನಡುವೆ ಶಾಲೆ ಬದಲಿಸಿದ ಮಗು ಎರಡೂ ಕಡೆಯ ವರ್ಷಗಳಿಗೆ ಸಲ್ಲದೆ ಹೋದರೆ, ಸರ್ಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಇರುವ ಶುಲ್ಕದ ಅಂತರ ಹತ್ತು ವರ್ಷದ ಬಾಡಿಗೆ ಉಳಿತಾಯವನ್ನು ನುಂಗಬಹುದು.

● ತಮಿಳುನಾಡಿನ ಎಂಜಿನಿಯರಿಂಗ್ ಪ್ರವೇಶಕ್ಕೆ ರಾಜ್ಯದ ಪ್ರವೇಶ ಪರೀಕ್ಷೆಯೇ 2007ರಿಂದ ಇಲ್ಲ. 12ನೇ ತರಗತಿಯ ಅಂಕವೇ ಆಧಾರ. ಕೋಚಿಂಗ್ ಖರ್ಚು ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು.

● ತಮಿಳುನಾಡಿನ ಶಾಲೆಗಳಲ್ಲಿ 2006ರ ಕಾನೂನಿನಂತೆ ತಮಿಳು ಕಡ್ಡಾಯ, ಕರ್ನಾಟಕದಲ್ಲಿ 2015ರ ಕಾನೂನಿನಂತೆ ಕನ್ನಡ. ಐದನೆಯ, ಆರನೆಯ ತರಗತಿಯಲ್ಲಿ ಗಡಿ ದಾಟಿಸಿದರೆ ಭಾಷೆಯ ಟ್ಯೂಷನ್ ಫೀಸೂ ಬಜೆಟ್ಟಿಗೆ ಸೇರುತ್ತದೆ.

● ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ರಾಜ್ಯವಾರು. ವಲಸೆ ಹೋದವರಿಗೆ ಹೊಸ ರಾಜ್ಯದಲ್ಲಿ ಆ ಮೀಸಲಾತಿ ದಕ್ಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ತೀರ್ಪು ಕೊಟ್ಟಿದೆ.

ಅಂಕಿಗಳ ಬಲೆ

● ಒಂದು ರಾಜ್ಯದ ಬೆಲೆ ಸೂಚ್ಯಂಕ ಇನ್ನೊಂದಕ್ಕಿಂತ ಹೆಚ್ಚಿದ್ದರೆ ಅಲ್ಲಿ ಬದುಕು ದುಬಾರಿ ಎಂದರ್ಥವಲ್ಲ. ಮೂಲ ವರ್ಷಕ್ಕೆ ಎಲ್ಲ ರಾಜ್ಯಕ್ಕೂ 100 ಎಂದು ಇಟ್ಟು, ಆ ಮೇಲೆ ಬೆಲೆ ಎಷ್ಟು ಏರಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಮೊದಲೇ ದುಬಾರಿಯಾಗಿದ್ದ ಊರಲ್ಲಿ ಬೆಲೆ ನಿಧಾನವಾಗಿ ಏರಿದರೆ ಸೂಚ್ಯಂಕ ತಗ್ಗಿಯೇ ಇರುತ್ತದೆ.

● 2023–24ರ ಕೇಂದ್ರದ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ತಲಾ ಮಾಸಿಕ ಖರ್ಚು ನಗರ ಕರ್ನಾಟಕದಲ್ಲಿ 8,076 ರೂ., ನಗರ ತಮಿಳುನಾಡಿನಲ್ಲಿ 8,165 ರೂ. ಹೆಚ್ಚುಕಡಿಮೆ ಸಮ. ಹಳ್ಳಿಗಳಲ್ಲಿ ಮಾತ್ರ ಅಂತರ ದೊಡ್ಡದು: 4,903 ಮತ್ತು 5,701 ರೂ. ಇದೂ ಬೆಲೆಯಲ್ಲ, ಖರ್ಚು. ಕೈಯಲ್ಲಿ ದುಡ್ಡು ಹೆಚ್ಚು ಓಡಾಡಿದರೆ ಖರ್ಚೂ ಹೆಚ್ಚುತ್ತದೆ.

ಕೊನೆಯ ಲೆಕ್ಕ

● ಮನೆ ಗಡಿಯಾಚೆ ಹೋಗಿ ಕೆಲಸಕ್ಕೆ ಒಂದು ದಿಕ್ಕಿಗೆ 20 ಕಿ.ಮೀ. ಹೆಚ್ಚಾಯಿತು ಎನ್ನಿ. ತಿಂಗಳಲ್ಲಿ 22 ದಿನ ಹೋಗಿ ಬಂದರೆ 880 ಕಿ.ಮೀ. ಪೆಟ್ರೋಲ್ ಲೀಟರಿಗೆ 103 ರೂ. ಹಿಡಿದರೆ, 45 ಕಿ.ಮೀ. ಕೊಡುವ ಬೈಕಿಗೆ ಸುಮಾರು 2,000 ರೂ., 15 ಕಿ.ಮೀ. ಕೊಡುವ ಕಾರಿಗೆ ಸುಮಾರು 6,000 ರೂ. ಕಾರಿಗೆ ಟೋಲ್ ಬೇರೆ. ಬಾಡಿಗೆಯಲ್ಲಿ 5,000 ರೂ. ಉಳಿಸಲು ಹೊರಟವರು ಬೈಕಿನಲ್ಲಿ ಗೆಲ್ಲುತ್ತಾರೆ, ಕಾರಿನಲ್ಲಿ ಸೋಲುತ್ತಾರೆ. ಅಗ್ಗ ಯಾವ ರಾಜ್ಯ ಎಂಬ ಪ್ರಶ್ನೆಗೆ ಒಬ್ಬೊಬ್ಬರಿಗೂ ಒಂದೊಂದು ಉತ್ತರ. ನೀವು ಏನು ಓಡಿಸುತ್ತೀರಿ, ಮಗು ಎಷ್ಟನೇ ತರಗತಿ, ಎಷ್ಟು ವರ್ಷ ಇರುತ್ತೀರಿ, ಈ ಮೂರಕ್ಕೆ ಉತ್ತರ ಬರೆದುಕೊಂಡ ಮೇಲೆ ಬ್ರೋಕರಿಗೆ ಫೋನ್ ಮಾಡಿ.