ಬಡಿತ ಹತೋಟಿಗೆ ಬಂದರೆ ಜೀವ ಉಳಿದಂತೆಯೇ?

ಅಹಮದಾಬಾದಿನ ಅಸಾರ್ವಾದಲ್ಲಿ, ಸಿವಿಲ್ ಆಸ್ಪತ್ರೆಯ ಆವರಣದೊಳಗಿರುವ ಹೃದ್ರೋಗ ಸಂಸ್ಥೆ ಯು. ಎನ್. ಮೆಹ್ತಾ ಅವರ ಹೆಸರು ಹೊತ್ತಿದೆ. ಟೊರೆಂಟ್ ಔಷಧ ಕಂಪನಿಯನ್ನು ಕಟ್ಟಿದವರು ಅವರು. ವಡೋದರಾದಲ್ಲಿ 1907ರಿಂದಲೇ ಅಲೆಂಬಿಕ್ ಇದೆ. ಔಷಧ ತಯಾರಿಕೆ ಇಷ್ಟು ಬೇರೂರಿರುವ ರಾಜ್ಯದಲ್ಲಿ ಹೃದಯದ ಲಯ ತಪ್ಪಿದವರಿಗೆ ಮಾತ್ರೆ ಸಿಗುವುದು ಕಷ್ಟವಲ್ಲ. ಯಾವ ಮಾತ್ರೆ ಎಂದು ತೀರ್ಮಾನಿಸುವುದೇ ಕಷ್ಟ. ಹೃದಯಾಘಾತವಾಗಿ ಬದುಕಿದವರ ಹೃದಯದ ಗೋಡೆಯಲ್ಲಿ ಗಾಯದ ಕಲೆ ಉಳಿದಿರುತ್ತದೆ. ಬಡಿತ ಹುಟ್ಟಿಸುವ ವಿದ್ಯುತ್ತು ಕೆಲವೊಮ್ಮೆ ಆ ಕಲೆಯ ಸುತ್ತ ಸುಳಿಯಂತೆ ತಿರುಗತೊಡಗುತ್ತದೆ. ಆಗ ಕೆಳಕೋಣೆ ನಿಮಿಷಕ್ಕೆ 180, 200 ಸಲ ಹೊಡೆದುಕೊಳ್ಳುತ್ತದೆ. ರಕ್ತ ತುಂಬಿಕೊಳ್ಳುವುದಕ್ಕೆ ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಮನುಷ್ಯ ಕಣ್ಣು ಕತ್ತಲೆ ಬಂದು ಬೀಳುತ್ತಾನೆ; ಎಷ್ಟೋ ಸಲ ಏಳುವುದಿಲ್ಲ.

ಹಾಗಾದರೆ ಬಡಿತವನ್ನು ಅಡಗಿಸುವ ಮಾತ್ರೆಯೇ ಒಳ್ಳೆಯ ಮಾತ್ರೆ ಎಂದು ಯಾರಿಗಾದರೂ ಅನಿಸುತ್ತದೆ. ವೈದ್ಯಲೋಕಕ್ಕೂ ಹಾಗೆಯೇ ಅನಿಸಿತ್ತು. ಹೃದಯಾಘಾತದ ನಂತರ ಬರುವ ಬಿಡಿ ಅಪಬಡಿತಗಳನ್ನು ಫ್ಲೆಕೈನೈಡ್, ಎನ್‌ಕೈನೈಡ್ ಎಂಬ ಮಾತ್ರೆಗಳು ಚೆನ್ನಾಗಿಯೇ ಅಡಗಿಸುತ್ತಿದ್ದವು. ಅವನ್ನು ಅಮೆರಿಕದ ಕ್ಯಾಸ್ಟ್ ಎಂಬ ಪ್ರಯೋಗದಲ್ಲಿ ಹುಸಿಮಾತ್ರೆಯ ಎದುರು ಇಟ್ಟು ನೋಡಿದರು. ಔಷಧ ನುಂಗಿದ 755 ಮಂದಿಯಲ್ಲಿ 63 ಜನ ತೀರಿಕೊಂಡರು. ಹುಸಿಮಾತ್ರೆಯ 743 ಮಂದಿಯಲ್ಲಿ 26 ಜನ. ಸರಾಸರಿ ಹತ್ತೇ ತಿಂಗಳ ಲೆಕ್ಕ ಇದು. 1989ರಲ್ಲಿ ಆ ಎರಡು ಔಷಧಗಳ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಇಸಿಜಿ ಕಾಗದ ಚೊಕ್ಕವಾಗಿತ್ತು, ರೋಗಿ ಇರಲಿಲ್ಲ. ಕಲೆ ಬಿದ್ದ ಹೃದಯದಲ್ಲಿ ವಿದ್ಯುತ್ತಿನ ವೇಗ ತಗ್ಗಿಸಿದರೆ ಹಳೆಯ ಸುಳಿ ನಿಲ್ಲಬಹುದು, ಹೊಸ ಸುಳಿಗೆ ದಾರಿಯೂ ಆಗಬಹುದು. ಕಲೆಯಿಲ್ಲದ ಹೃದಯದಲ್ಲಿ, ಕೆಲವು ವಂಶವಾಹಿ ಲಯದೋಷಗಳಲ್ಲಿ, ಅದೇ ಫ್ಲೆಕೈನೈಡ್ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಮಾತ್ರೆಗೆ ಮಾತ್ರೆ ಹೋಲಿಸುವ ಮೊದಲು ಯಾರ ಹೃದಯ ಎಂದು ಕೇಳಬೇಕು.

ಕಲೆ ಬಿದ್ದ ಹೃದಯದವರಿಗೆ ಮುಖ್ಯವಾಗಿ ಉಳಿಯುವುದು ಮೂರು: ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್, ಸೊಟಲಾಲ್, ಅಮಿಯೊಡರೋನ್. ಈ ಮೂರನ್ನೂ ಎದುರುಬದುರು ನಿಲ್ಲಿಸಿದ್ದು 2006ರಲ್ಲಿ ಪ್ರಕಟವಾದ ಆಪ್ಟಿಕ್ ಪ್ರಯೋಗ. ಅದರಲ್ಲಿದ್ದ 412 ಜನರ ಎದೆಯಲ್ಲೂ ಐಸಿಡಿ ಇತ್ತು. ಲಯ ಕೆಟ್ಟ ಕೂಡಲೇ ಒಳಗಿನಿಂದಲೇ ಶಾಕ್ ಕೊಟ್ಟು ಸರಿಪಡಿಸುವ ಪುಟ್ಟ ಯಂತ್ರ ಅದು. ವರ್ಷದೊಳಗೆ ಶಾಕ್ ತಿಂದವರು ಬರೀ ಬೀಟಾ ಬ್ಲಾಕರ್‌ನಲ್ಲಿ ನೂರಕ್ಕೆ 38.5, ಸೊಟಲಾಲ್‌ನಲ್ಲಿ 24.3, ಬೀಟಾ ಬ್ಲಾಕರ್ ಜೊತೆ ಅಮಿಯೊಡರೋನ್ ಕೊಟ್ಟಾಗ 10.3. ಬಡಿತ ಅಡಗಿಸುವುದರಲ್ಲಿ ಅಮಿಯೊಡರೋನ್ ಗೆದ್ದಿತು, ಅನುಮಾನವಿಲ್ಲ. ಆದರೆ ವರ್ಷದೊಳಗೆ ಮಾತ್ರೆ ಬಿಟ್ಟವರು ಬೀಟಾ ಬ್ಲಾಕರ್‌ನಲ್ಲಿ ನೂರಕ್ಕೆ ಐದಾದರೆ ಅಮಿಯೊಡರೋನ್‌ನಲ್ಲಿ ಹದಿನೆಂಟು. ಇನ್ನು ಆಯುಸ್ಸಿನ ಮಾತು. 2005ರಲ್ಲಿ 2,521 ಹೃದಯ ವೈಫಲ್ಯದ ರೋಗಿಗಳ ಅಧ್ಯಯನವೊಂದು ಹೊರಬಂತು. ಅದರಲ್ಲಿ ಅಮಿಯೊಡರೋನ್ ಹುಸಿಮಾತ್ರೆಗಿಂತ ಒಂದು ಜೀವವನ್ನೂ ಹೆಚ್ಚಾಗಿ ಉಳಿಸಿದಂತೆ ಕಾಣಲಿಲ್ಲ. ಐಸಿಡಿ ಸಾವನ್ನು ನೂರಕ್ಕೆ 23ರಷ್ಟು ತಗ್ಗಿಸಿತು. ಲಯ ಹಿಡಿತಕ್ಕೆ ಬರುವುದು ಬೇರೆ, ಜೀವ ಉಳಿಯುವುದು ಬೇರೆ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಸಾವನ್ನು ತಗ್ಗಿಸಿದ ಗಟ್ಟಿ ದಾಖಲೆ ಇರುವುದು ಈ ಮೂರರಲ್ಲಿ ಸಾದಾ ಬೀಟಾ ಬ್ಲಾಕರ್‌ಗೆ. ಮೊದಲ ಸ್ಥಾನ ಅದಕ್ಕೇ ಸಲ್ಲಬೇಕು.

ಅಮಿಯೊಡರೋನ್ ಅನ್ನು ಜನ ಬಿಡುವುದೇಕೆ ಎಂದು ತಿಳಿಯಲು ಮಾತ್ರೆಯೊಳಗೇ ಇಣುಕಬೇಕು. ಅದರ ತೂಕದಲ್ಲಿ ನೂರಕ್ಕೆ 37 ಭಾಗ ಅಯೋಡಿನ್. 200 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ನಮ್ಮ ಮೈಗೆ ದಿನಕ್ಕೆ ಬೇಕಾದದ್ದು 0.15 ಮಿಲಿಗ್ರಾಂ. ನಾವು ಉಣ್ಣುವ ಉಪ್ಪಿನ ಬಹುಪಾಲು ಗುಜರಾತಿನ ಕರಾವಳಿಯಿಂದ, ಕಚ್ಛಿನಿಂದ ಬರುವಂಥದ್ದು. ಅದಕ್ಕೆ ಚಿಟಿಕೆಯಷ್ಟೂ ಅಲ್ಲದ ಪ್ರಮಾಣದಲ್ಲಿ ಬೆರೆಸುವ ಅಯೋಡಿನ್ನೇ ಥೈರಾಯ್ಡಿಗೆ ಸಾಕಾಗುತ್ತದೆ. ಹೀಗಿರುವಾಗ ಈ ಮಾತ್ರೆ ತೆಗೆದುಕೊಳ್ಳುವವರ ಥೈರಾಯ್ಡ್ ಏರುಪೇರಾಗುವುದರಲ್ಲಿ ಆಶ್ಚರ್ಯವಿಲ್ಲ. ಶ್ವಾಸಕೋಶ ಗಡುಸಾಗಬಹುದು, ಯಕೃತ್ತು ಸೊರಗಬಹುದು, ಬಿಸಿಲಿಗೆ ಚರ್ಮ ಸುಡಬಹುದು. ಕೊಬ್ಬಿನಲ್ಲಿ ಮನೆ ಮಾಡುವ ಈ ಔಷಧ ಮಾತ್ರೆ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೈಯಲ್ಲೇ ಇರುತ್ತದೆ. ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಯಕೃತ್ತಿನ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಆಗಲೇಬೇಕು.

ಐಸಿಡಿಗೆ ಲಕ್ಷಗಟ್ಟಲೆ ಬೇಕು, ಸೂರತ್‌ನ ಮಗ್ಗದ ಕಾರ್ಮಿಕ ಎಲ್ಲಿಂದ ತಂದಾನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಅಮಿಯೊಡರೋನ್ ಅವನ ಕೈಗೆಟಕುತ್ತದೆ, ನಿಜ. ಯಂತ್ರವಿಲ್ಲದವನಿಗೆ ಕುಸಿದು ಬೀಳುವುದು ಕಡಿಮೆಯಾಗುವುದೂ ದೊಡ್ಡ ಸಂಗತಿಯೇ. ಆ ಮಾತ್ರೆ ಬರೆಯುವ ವೈದ್ಯರನ್ನು ನಾನು ದೂರುವುದಿಲ್ಲ. ಆದರೆ ಆ ಮಗ್ಗಗಳಲ್ಲಿ ದುಡಿಯುವ ಬಹಳ ಮಂದಿ ಒಡಿಶಾದ ಗಂಜಾಂ ಕಡೆಯವರು. ಊರಿಗೆ ಹೋಗುವಾಗ ಮಾತ್ರೆಯ ಚೀಟಿ ಜೇಬಿನಲ್ಲಿ ಹೋಗುತ್ತದೆ, ಪರೀಕ್ಷೆಯ ತಾರೀಖು ಸೂರತ್‌ನಲ್ಲೇ ಉಳಿಯುತ್ತದೆ. ಅಗ್ಗದ ಮಾತ್ರೆಯ ಬೆಲೆಗೆ ಈ ಪರೀಕ್ಷೆಗಳ ಬೆಲೆಯನ್ನೂ ಸೇರಿಸಿ, ಅವನ್ನು ಸರ್ಕಾರಿ ಆಸ್ಪತ್ರೆ ಎಲ್ಲಿದ್ದರೂ ಪುಕ್ಕಟೆಯಾಗಿ ಮಾಡಿಕೊಡುವುದಾದರೆ ಮಾತ್ರ ಬಡವನಿಗೆ ಅದು ನಿಜವಾಗಿ ಅಗ್ಗ.

ಇಷ್ಟೆಲ್ಲ ತೊಡಕಿರುವಾಗ ಸೊಟಲಾಲ್ ಏಕಾಗಬಾರದು ಎಂಬ ಮಾತೂ ಬರುತ್ತದೆ. ಥೈರಾಯ್ಡಿನ ಕಾಟವಿಲ್ಲ, ಶ್ವಾಸಕೋಶ ಗಡುಸಾಗುವ ಭಯವಿಲ್ಲ. ಆದರೆ ಅದು ಮೈಯಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅಹಮದಾಬಾದಿನ ಬಿಸಿಲನ್ನು ನೆನೆಸಿಕೊಳ್ಳಿ. 2010ರ ಮೇ ತಿಂಗಳ ಸೆಕೆಯಲ್ಲಿ ಮಾಮೂಲಿಗಿಂತ 1,344 ಸಾವು ಹೆಚ್ಚಾದವು. 2013ರಲ್ಲಿ ನಗರ ತನ್ನದೇ ಬಿಸಿಲು ಕಾರ್ಯಯೋಜನೆ ಮಾಡಿಕೊಂಡಿತು. ಅಂಥ ದಿನಗಳಲ್ಲಿ ಬೆವರಿ ನೀರು ಬತ್ತಿದವರ, ಭೇದಿಯಾದವರ ಮೂತ್ರಪಿಂಡ ನಿಧಾನಿಸಿ ಸೊಟಲಾಲ್ ರಕ್ತದಲ್ಲೇ ಏರುತ್ತದೆ. ಭೇದಿಯಲ್ಲಿ ಪೊಟ್ಯಾಷಿಯಂ ಕೂಡ ಸೋರಿಹೋಗುತ್ತದೆ. ಎರಡೂ ಸೇರಿದರೆ ಲಯ ಕಾಯಬೇಕಾದ ಮಾತ್ರೆಯೇ ಪ್ರಾಣಾಂತಿಕ ಲಯವನ್ನು ಹುಟ್ಟಿಸಬಲ್ಲದು. ಸೊಟಲಾಲ್ ಶುರುಮಾಡುವಾಗ ಆಸ್ಪತ್ರೆಯಲ್ಲಿಟ್ಟು ಇಸಿಜಿ ನೋಡುವುದು ಈ ಕಾರಣಕ್ಕೆ. ವಾಂತಿಭೇದಿ ಹಿಡಿದ ದಿನ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯ, ಸುಮ್ಮನೆ ನುಂಗುತ್ತ ಹೋಗುವುದೂ ಅಪಾಯ. ಮುಂದಿನ ಮಾತ್ರೆಗೆ ಮೊದಲೇ ವೈದ್ಯರಿಗೆ ಫೋನ್ ಮಾಡಬೇಕೆಂಬುದನ್ನು ರೋಗಿಗೆ ಅವನದೇ ಭಾಷೆಯಲ್ಲಿ ಚೀಟಿಯ ಮೇಲೆ ಬರೆದುಕೊಡಬೇಕು: ಗುಜರಾತಿನವನಿಗೆ ಗುಜರಾತಿಯಲ್ಲಿ, ಗಂಜಾಂನವನಿಗೆ ಒಡಿಯಾದಲ್ಲಿ.